ಹನ್ನೊಂದು ಹನಿ

ಪೀಕಿಂಗ್, ಅರಮನೆಯ ಪಶ್ಚಿಮದ ಅಂಗಳ
ಹನ್ನೆರಡನೇ ತಿಂಗಳ ಏಳನೇ ದಿನ, ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯೆ? ಮೊಣಕಾಲು ಹೇಗಿದೆ? ಇಲ್ಲಿ ಮೂರು ದಿನದಿಂದ ಎಂಥ ಚಳಿಯೆಂದರೆ, ಮಸಿ ಅರೆಯಲು ಕಲ್ಲಿನ ಮೇಲೆ ಹಾಕಿದ ನೀರು ನಾನು ಕೈ ಉಜ್ಜಿಕೊಳ್ಳುವುದರೊಳಗೆ ಗಟ್ಟಿಯಾಗಿತ್ತು. ಬಾವೋದಿಂಗಿನಲ್ಲಿ ಇದಕ್ಕಿಂತ ಕಡಿಮೆಯೇನೂ ಇರಲಾರದು. ಮಲಗುವ ಇಟ್ಟಿಗೆ ಜಗಲಿಯ ಕೆಳಗೆ ಸಂಜೆಯೇ ಬೆಂಕಿ ಹಾಕಿಸಿಕೋ. ಸೌದೆ ಉಳಿಸುತ್ತೇನೆಂದು ಕಾಲು ಮುದುರಿಕೊಂಡು ಮಲಗುವ ನಿನ್ನ ಬುದ್ಧಿ ನನಗೆ ಗೊತ್ತಿಲ್ಲದ್ದಲ್ಲ. ಬರಗಿನ ಕಡುಬು ಮಾಡಿ ಅಂಗಳದ ಹಂಡೆಯಲ್ಲಿ ಹೆಪ್ಪುಗಟ್ಟಲು ಇಟ್ಟಾಯಿತೇ? ಹೋದ ವಾರ ಇಲ್ಲಿನ ಅಡಿಗೆಮನೆಯಿಂದಲೂ ಕಡುಬು ಬಂತು. ಹೂವಿನ ಅಚ್ಚು ಒತ್ತಿ, ನೆತ್ತಿಗೊಂದು ಕೆಂಪು ಬೊಟ್ಟಿಟ್ಟು ಮದುಮಗಳ ಹಾಗೆ ಕಳಿಸಿದ್ದರು. ಒಳಗಿನ ಹೂರಣ ಮಾತ್ರ ಸಪ್ಪೆ. ಹತ್ತು ವರ್ಷದಿಂದ ಅರಮನೆಯ ಊಟ ಉಣ್ಣುತ್ತಿದ್ದರೂ ನಿನ್ನ ಹಂಡೆಯಿಂದ ಕಲ್ಲಿನಂಥ ಕಡುಬು ಕದ್ದು, ಕಂಕುಳಲ್ಲಿ ಇಟ್ಟುಕೊಂಡು ಕರಗಿಸಿ ತಿಂದ ರುಚಿ ನಾಲಗೆ ಬಿಟ್ಟು ಹೋಗಿಲ್ಲ. ನಾನು ಆರೋಗ್ಯವಾಗಿದ್ದೇನೆ. ಕೆಮ್ಮು ಇಲ್ಲ. ಈ ವರ್ಷ ನನಗೆ ಹೊಗೆ ಬಾರದ ಒಳ್ಳೆಯ ಇದ್ದಿಲು ಕೊಡುತ್ತಿದ್ದಾರೆ, ಅದಕ್ಕೇ.

ಈ ಪತ್ರವನ್ನು ತರುವವಳು ನನ್ನ ಸೇವಕಿ ಶ್ವಾಂಗ್. ಅವಳಿಗೆ ಇಪ್ಪತ್ತೈದು ತುಂಬಿತು. ನಿಯಮದ ಪ್ರಕಾರ ಬಿಡುಗಡೆಯಾಗಿ ನಾಳೆ ಬೆಳಕು ಹರಿಯುತ್ತಲೇ ಊರಿಗೆ ಹೊರಡುತ್ತಾಳೆ. ಒಳಗಿನವರು ಹೊರಗೆ ಹೀಗೆ ಪತ್ರ ಕಳಿಸುವ ಹಾಗಿಲ್ಲವಾದ್ದರಿಂದ ಇದನ್ನು ಅವಳ ಹತ್ತಿಯ ಅಂಗಿಯ ಅಂಚಿನೊಳಗೆ ಹೊಲಿದು ಕಳಿಸುತ್ತಿದ್ದೇನೆ. ಅವಳಿಗೆ ಹೊಟ್ಟೆ ತುಂಬ ಊಟ ಹಾಕು, ಮದುವೆಗೆ ಯಾರಾದರೂ ಸಿಗುತ್ತಾರೇನೋ ನೋಡು. ಬಾಯಿ ಜೋರು, ಮನಸ್ಸು ಒಳ್ಳೆಯದು. ನೀನೇ ಓದಿಕೋ, ಅಣ್ಣನ ಕೈಗೆ ಕೊಡಬೇಡ. ಅವನು ಎರಡು ಸಾಲಿನ ಚೀಟಿಯನ್ನೂ ದಂಡಿನ ಹುಕುಮು ಕೂಗಿದ ಹಾಗೆ ಓದುತ್ತಾನೆ, ಬೀದಿಯೆಲ್ಲ ಕೇಳಿಸುತ್ತದೆ. ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ, ಕಡ್ಡಿ ಕೈಗೆ ಕೊಟ್ಟು ನನಗೆ ಅಕ್ಷರ ಕಲಿಸಿದವಳು ನೀನು. ಯಾವುದಾದರೂ ಗೀಟು ಬಿಟ್ಟರೆ ಬೆರಳ ಗೆಣ್ಣಿಗೆ ಅದೇ ಕಡ್ಡಿಯಿಂದ ಕುಟ್ಟಿ, ‘ಅರ್ಧ ಬರೆದ್ರೆ ಅಕ್ಷರ ಕುಂಟುತ್ತೆ ಕಣೇ, ಪಾಪ, ಅದಕ್ಕೂ ಕಾಲು ಬೇಡ್ವಾ’ ಅನ್ನುತ್ತಿದ್ದೆ. ಇವತ್ತು ಬೆಳಗ್ಗೆಯಿಂದ ಆ ಮಾತು ತಲೆಯಲ್ಲಿ ತಿರುಗುತ್ತಿದೆ.

ಸುದ್ದಿ ನಿನಗೆ ಆಗಲೇ ತಲುಪಿರಬೇಕು. ನಿನ್ನ ಮಗಳು ಈಗ ಬರೀ ದೊರೆಸಾನಿಯಲ್ಲ, ರಾಣಿಯ ದರ್ಜೆಗೆ ಏರಿದ್ದಾಳೆ. ಅಣ್ಣನ ಟೋಪಿಯ ತುದಿಗೆ ಮೇಲಿನ ದರ್ಜೆಯ ಹೊಸ ಗುಂಡಿ ಬಂದಿದೆಯಂತೆ. ಅದನ್ನು ತೋರಿಸಲಿಕ್ಕೆ ತಲೆ ಬಗ್ಗಿಸಿಕೊಂಡೇ ಓಡಾಡುತ್ತಿರಬೇಕು. ಇಲ್ಲಿಯ ಮುಖಗಳೂ ಬದಲಾಗಿವೆ. ಹೋದ ಚಳಿಗಾಲ ನನಗೆ ಕಣ್ಣುರಿಯುವ ಹಸಿ ಇದ್ದಿಲು ತಂದು ಸುರಿದು, ‘ಇದೇ ಇರೋದು, ಬೇಕಾದ್ರೆ ತಗೊಳ್ಳಿ’ ಎಂದು ಹೋದ ಕಂಚುಕಿ ಈಗ ಹೊಸ್ತಿಲಲ್ಲಿ ನೆಲಕ್ಕೆ ಹಣೆ ಮುಟ್ಟಿಸಿ, ‘ರಾಣಿಯವರ ಕೈ ತಣ್ಣಗಾಗಿರಬೇಕು’ ಎನ್ನುತ್ತಾನೆ. ನನ್ನ ಕೈ ಹೋದ ವರ್ಷವೂ ಇಷ್ಟೇ ತಣ್ಣಗಿತ್ತು. ಚಕ್ರವರ್ತಿಗಳು ನನ್ನನ್ನು ನೆನೆಸಿಕೊಂಡು ಮೇಲೆತ್ತಿದರೆಂದು ತಿಳಿಯಬೇಡ. ಅವರು ನನ್ನ ಮುಖ ನೋಡಿ ನಾಲ್ಕು ವರ್ಷವಾಯಿತು, ಎದುರಿಗೆ ಸಿಕ್ಕರೆ ಗುರುತು ಹಿಡಿಯುವುದೂ ಅನುಮಾನ. ಒಂದು ಮಗುವಿಗೆ ತಾಯಿ ಬೇಕಾಯಿತು, ದೊರೆಸಾನಿಯ ದರ್ಜೆಯವಳು ಮಗು ಸಾಕುವಂತಿಲ್ಲ, ಆದ್ದರಿಂದ ನನ್ನನ್ನು ರಾಣಿ ಮಾಡಿದರು. ಆ ಮಗು ನನ್ನದೇ ಮಗು, ಅಮ್ಮಾ. ನಿಚುಹೆ ನನ್ನ ಮನೆಗೆ ಬಂದಿದ್ದಾಳೆ. ಪಕ್ಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದಾಳೆ, ಕುಂಚವನ್ನು ನೀರಿನ ಬಟ್ಟಲಿಗೆ ತಾಗಿಸುವ ಸದ್ದು ಇಲ್ಲಿಗೆ ಕೇಳುತ್ತಿದೆ.

ಅವಳನ್ನು ನನ್ನಿಂದ ತೆಗೆದುಕೊಂಡು ಹೋದದ್ದು ಹುಟ್ಟಿದ ಮೂರನೇ ದಿನ, ಸ್ನಾನ ಮಾಡಿಸಿದ ಮೇಲೆ. ಅದು ಇಲ್ಲಿಯ ಪದ್ಧತಿ, ಯಾರೂ ಅದನ್ನು ಕ್ರೂರವೆಂದು ತಿಳಿಯುವುದಿಲ್ಲ. ಮಗುವಿಗೆ ದೊಡ್ಡ ಮನೆ ಸಿಕ್ಕಿತೆಂದು ನನಗೆ ಶುಭಾಶಯ ಹೇಳಿದರು. ಸಿಕ್ಕ ಮನೆ ರೋವ್ ರಾಣಿಯದು. ನನಗಿಂತ ಹದಿನೈದು ವರ್ಷ ದೊಡ್ಡವಳು, ಮಕ್ಕಳಿಲ್ಲ, ನೆಟ್ಟಗೆ ಕೂತರೆ ಬೆನ್ನು ಗೋಡೆಗೆ ತಾಗಿಸಿದವಳಲ್ಲ. ತಿಂಗಳ ಒಂದನೇ ಮತ್ತು ಹದಿನೈದನೇ ದಿನ ನಾನು ಹೋಗಿ ಮಗುವನ್ನು ನೋಡಬಹುದಿತ್ತು, ಒಂದು ಊದಿನಕಡ್ಡಿ ಉರಿದು ಮುಗಿಯುವಷ್ಟು ಹೊತ್ತು. ಮಗು ಅವಳನ್ನು ಅಮ್ಮ ಅನ್ನುತ್ತಿತ್ತು, ನನ್ನನ್ನು ‘ದೊರೆಸಾನಿಯವರೇ’ ಅನ್ನುತ್ತಿತ್ತು. ಚೆನ್ನಾಗಿ ಕಲಿಸಿದ್ದರು, ಮೊಣಕಾಲು ಸರಿಯಾಗಿ ಮಡಿಸಿ ಅನ್ನುತ್ತಿತ್ತು. ಬೂದಿ ಬಿದ್ದ ತಕ್ಷಣ ರೋವ್ ರಾಣಿ ‘ಆಯ್ತಲ್ಲ’ ಎನ್ನುತ್ತಿದ್ದಳು, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಕಡಿಮೆಯಿಲ್ಲ. ದಾರಿಯುದ್ದಕ್ಕೂ ನಾನು ಶ್ವಾಂಗಳ ಹತ್ತಿರ, ‘ಅವಳು ಮೋಟು ಕಡ್ಡಿ ಹಚ್ಚಿಸ್ತಾಳೆ ಕಣೇ, ಬೇಕಂತಲೇ’ ಎಂದು ಗೊಣಗಿಕೊಂಡು ಬರುತ್ತಿದ್ದೆ. ಶ್ವಾಂಗ್, ‘ಮುಂದಿನ ಸಲ ಗೇಣು ಹಾಕಿ ಅಳೆದುಬಿಡಿ, ಅಮ್ಮಾವ್ರೇ’ ಎಂದು ನನ್ನನ್ನು ನಗಿಸುತ್ತಿದ್ದಳು. ಏಳು ವರ್ಷ ಹೀಗೆ ಕಳೆಯಿತು.

ಈಗ ಆ ರೋವ್ ರಾಣಿ ಬಿದ್ದುಹೋಗಿದ್ದಾಳೆ. ನಿನಗೆ ಊರಿನಲ್ಲಿ ಏನು ಕೇಳಿಬಂದಿದೆಯೋ ಗೊತ್ತಿಲ್ಲ, ನಡೆದದ್ದನ್ನು ಹೇಳುತ್ತೇನೆ. ಹತ್ತನೇ ತಿಂಗಳು ರಾಜಮಾತೆಯವರ ಅರವತ್ತರ ಹುಟ್ಟುಹಬ್ಬ. ಅದಕ್ಕೆ ಒಬ್ಬೊಬ್ಬರು ಒಂದೊಂದು ಕಾಣಿಕೆ ಮಾಡಿದರು. ರೋವ್ ರಾಣಿ ಇಡೀ ಬೇಸಿಗೆ ಕೂತು ಬುದ್ಧನ ಸೂತ್ರವೊಂದನ್ನು ತನ್ನ ಕೈಯಾರೆ ಉದ್ದನೆಯ ಸುರುಳಿಯ ಮೇಲೆ ಬರೆದಳು. ಅವಳ ಅಕ್ಷರ ಅರಮನೆಗೇ ಹೆಸರಾದದ್ದು. ಆ ಸೂತ್ರದಲ್ಲಿ ಚಕ್ರವರ್ತಿಗಳ ಹೆಸರಿನ ಅಕ್ಷರ ಹನ್ನೊಂದು ಕಡೆ ಬರುತ್ತದೆ. ಅದು ಯಾವುದೆಂದು ನಿನಗೆ ಗೊತ್ತು, ನಾನು ಇಲ್ಲಿ ಬರೆಯುವುದಿಲ್ಲ. ಅದರ ಕೊನೆಯಲ್ಲಿ ಚುಕ್ಕೆಯಂಥ ಒಂದು ಹನಿ ಇಡಬೇಕು. ಅವರು ಪಟ್ಟವೇರಿದ ದಿನದಿಂದ ಯಾರೂ ಆ ಹನಿ ಇಡುವುದಿಲ್ಲ. ನಮ್ಮ ಬೀದಿಯ ಎಣ್ಣೆ ಅಂಗಡಿಯವನು ಕೂಡ ಹಲಗೆಯ ಮೇಲಿನ ಆ ಹನಿಯನ್ನು ಕೆರೆದು ತೆಗೆಸಿದ್ದು ನನಗೆ ನೆನಪಿದೆ. ದೊರೆಯ ಹೆಸರನ್ನು ಪೂರ್ತಿ ಬರೆಯುವಷ್ಟು ಸೊಕ್ಕು ಯಾರಿಗೂ ಇರಬಾರದು ಎನ್ನುವುದು ಅದರ ಅರ್ಥ. ಹುಟ್ಟುಹಬ್ಬದ ದಿನ ಎಲ್ಲರ ಮುಂದೆ ಸುರುಳಿ ಬಿಚ್ಚಿದರು. ರಾಜಮಾತೆ ಮೊದಲು ನಕ್ಕರು, ಆಮೇಲೆ ಹತ್ತಿರ ಬಗ್ಗಿದರು. ಹನ್ನೊಂದು ಕಡೆಯೂ ಹನಿ ಇತ್ತು. ಒಂದು ಕಡೆ ಇದ್ದಿದ್ದರೆ ಕೈತಪ್ಪು ಅನ್ನಬಹುದಿತ್ತು, ಹನ್ನೊಂದು ಕೈತಪ್ಪು ಎಲ್ಲಾದರೂ ಉಂಟೇ?

ಯಾರು ಇಟ್ಟದ್ದು ಎಂದು ಕೇಳಿದರು. ರೋವ್ ರಾಣಿ ಎದ್ದು ಬಂದು ನೋಡಿದಳು. ತುಂಬ ಹೊತ್ತೇನೂ ನೋಡಲಿಲ್ಲ. ತಲೆಯ ಮೇಲಿನ ಹೂವು ತಾನೇ ತೆಗೆದು ಪಕ್ಕಕ್ಕಿಟ್ಟು ಮೊಣಕಾಲೂರಿದಳು. ‘ನನ್ನ ಕೈಯೇ. ಕಣ್ಣು ಮಂಜಾಗಿದೆ, ಎಲ್ಲಿ ಬಿಡಬೇಕು ಎಲ್ಲಿ ಇಡಬೇಕು ಅನ್ನೋದು ತಿಳೀಲಿಲ್ಲ’ ಎಂದಳು. ಅಷ್ಟು ಜನರ ನಡುವೆ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು, ನಾನು ನನ್ನ ಪಾದರಕ್ಷೆ ನೋಡಿಕೊಂಡೆ. ಮೂರು ದರ್ಜೆ ಇಳಿಸಿ ಅವಳನ್ನು ವಾಯುವ್ಯದ ಮೂಲೆಯ ಮುಚ್ಚಿದ ಮನೆಗೆ ಕಳಿಸಿದರು. ಯಾರೂ ಹೋಗಿ ಮಾತಾಡಿಸುವಂತಿಲ್ಲ. ಆ ಮನೆಗೆ ಹೋಗುವುದು ನಾನು ಹೋದ ವರ್ಷ ಉರಿಸುತ್ತಿದ್ದ ಇದ್ದಿಲೇ.

ಇದಾಗಿ ಎರಡು ತಿಂಗಳಾಯಿತು. ನಿಚುಹೆ ನನ್ನ ಮನೆಗೆ ಬಂದ ದಿನ ಅವಳ ಪೆಟ್ಟಿಗೆಯ ಜೊತೆಗೆ ರೋವ್ ರಾಣಿ ಬರೆದುಕೊಟ್ಟ ಒಂದು ಚೀಟಿ ಬಂತು. ಖರ್ಜೂರದ ಸಿಪ್ಪೆ ತೆಗೆದು ಕೊಡಬೇಕು. ಮಲಗುವಾಗ ಎಡಕಿವಿ ಮುಚ್ಚಬೇಕು. ಗುಡುಗಿಗೆ ಹೆದರುವುದಿಲ್ಲ, ಹೆದರಿದ ಹಾಗೆ ಮಾಡುತ್ತಾಳೆ, ಆಗ ಹತ್ತಿರ ಕರೆದುಕೊಳ್ಳಬೇಕು. ಇಂಥವೇ ಇಪ್ಪತ್ತು ಸಾಲು. ಆ ಹನಿಗಳ ಬಗ್ಗೆ ಒಂದಕ್ಷರವಿಲ್ಲ. ಪೆಟ್ಟಿಗೆಯ ತಳದಲ್ಲಿ ಊದಿನಕಡ್ಡಿಯ ಒಂದು ಕಟ್ಟು ಇತ್ತು, ಒಂದೊಂದು ಕಡ್ಡಿ ನನ್ನ ಮೊಣಕೈಯಷ್ಟು ಉದ್ದ. ಇವು ಯಾಕೆ ಎಂದು ಮಗುವಿನ ಮುದಿ ದಾದಿಯನ್ನು ಕೇಳಿದೆ. ‘ಇವು ನೀವು ಬರೋ ದಿನದ್ದು, ರಾಣಿಯವರೇ. ಅರಮನೆ ಕಡ್ಡಿ ಬೇಗ ಮುಗಿಯುತ್ತೆ ಅಂತ ಅವರು ಹೊರಗಿನಿಂದ ಹೇಳಿ ಮಾಡಿಸ್ತಿದ್ರು’ ಎಂದಳು. ಏಳು ವರ್ಷ ನಾನು ಮೋಟು ಕಡ್ಡಿ ಅಂದುಕೊಂಡದ್ದು ಅದನ್ನೇ.

ಮಗು ಹಟ ಮಾಡುವುದಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಕೊಟ್ಟದ್ದು ತಿನ್ನುತ್ತಾಳೆ, ಹೇಳಿದ್ದು ಕೇಳುತ್ತಾಳೆ. ಬೆಳಗ್ಗೆ ಎದ್ದು ತನ್ನ ಹಾಸಿಗೆ ತಾನೇ ಮಡಿಸಿಟ್ಟು, ಬಂದ ದಿನದ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾಳೆ, ಕರೆದುಕೊಂಡು ಹೋಗಲು ಯಾರೋ ಬರುತ್ತಾರೆ ಎನ್ನುವಂತೆ. ನನ್ನನ್ನು ಈಗ ಏನೆಂದೂ ಕರೆಯುವುದಿಲ್ಲ. ದೊರೆಸಾನಿ ಅನ್ನುವಂತಿಲ್ಲ, ಅಮ್ಮ ಅನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಾನು ತಲೆಯೆತ್ತುವವರೆಗೆ ಕಾಯುತ್ತಾಳೆ. ಬರಹ ಕಲಿಸುವ ಮುದುಕ ಬೇರೆ ನಿನ್ನೆ ಬಂದು ದೂರು ಹೇಳಿದ: ‘ರಾಜಕುಮಾರಿಯವರಿಗೆ ಸೋಮಾರಿತನ ಬಂದಿದೆ. ಅಕ್ಷರ ಅರ್ಧಂಬರ್ಧ ಬರೀತಾರೆ.’ ಹೊಸ ಮನೆ, ಮನಸ್ಸು ನಿಂತಿಲ್ಲ, ಇನ್ನೆರಡು ದಿನ ಬಿಡಿ ಎಂದು ಕಳಿಸಿದೆ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಎಲ್ಲ ನಿಜ, ಆದರೆ ಒಂದನ್ನು ದಾಟಿಕೊಂಡು ಬಂದಿದ್ದೇನೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಒಂಬತ್ತನೇ ತಿಂಗಳ ಹದಿನೈದರಂದು ನಾನು ಮಗುವನ್ನು ನೋಡಲು ಹೋಗಿದ್ದೆ. ಸುರುಳಿ ಮೇಜಿನ ಮೇಲೆ ಒಣಗುತ್ತಿತ್ತು. ಕಡ್ಡಿ ಅರ್ಧ ಉರಿದಿತ್ತು, ಯಾರೋ ಬಂದರೆಂದು ರೋವ್ ರಾಣಿ ಹೊರಗಿನ ಕೋಣೆಗೆ ಹೋದಳು, ದಾದಿ ಚಹಾ ತರಲು ಹೋದಳು. ನಿಚುಹೆ ಕುರ್ಚಿಯ ಮೇಲೆ ಮೊಣಕಾಲೂರಿ ಕುಂಚ ಅದ್ದಿಕೊಂಡಳು. ಯಾವುದೋ ಹಳೆಯ ಪುಸ್ತಕದಲ್ಲಿ, ಚಕ್ರವರ್ತಿಗಳು ಪಟ್ಟಕ್ಕೆ ಬರುವುದಕ್ಕೂ ಮುಂಚಿನದರಲ್ಲಿ, ಅವಳು ಆ ಅಕ್ಷರವನ್ನು ಹನಿಯ ಜೊತೆಗೆ ನೋಡಿದ್ದಳು. ಪಾಠದಲ್ಲಿ ಅದು ಇನ್ನೂ ಬಂದಿರಲಿಲ್ಲ, ಅದನ್ನು ಬಿಡಬೇಕೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ‘ಅಮ್ಮ ಪ್ರತಿ ಸಲಾನೂ ಇಲ್ಲಿ ಹನಿ ಮರೆತುಬಿಟ್ಟಿದ್ದಾರೆ’ ಎಂದು ಪಿಸುಗುಟ್ಟಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಇಟ್ಟಾಗಿತ್ತು. ಆಮೇಲೆ ತುಟಿಗೆ ಬೆರಳಿಟ್ಟುಕೊಂಡು ನನ್ನ ಕಡೆ ತಿರುಗಿ, ‘ಹೇಳ್ಬೇಡಿ ಆಯ್ತಾ? ಇದು ನಾವಿಬ್ರೇ’ ಎಂದಳು.

ಅಮ್ಮಾ, ಅದು ನನ್ನ ಮಗಳು ನನಗೆ ಹೇಳಿದ ಮೊದಲ ಗುಟ್ಟು. ನಾವಿಬ್ಬರೇ ಅಂದಳು. ಒಂದು ಹನಿಯನ್ನು ತೆಳ್ಳನೆಯ ಚಾಕುವಿನಿಂದ ಮೆಲ್ಲಗೆ ಕೆರೆದು ತೆಗೆಯಬಹುದಿತ್ತು, ನನಗೆ ಗೊತ್ತಿತ್ತು. ನಾನು ಸುಮ್ಮನೆ ಕೂತು ಉಳಿದ ಹತ್ತು ಹನಿ ಇಡುವುದನ್ನು ನೋಡಿದೆ. ನಾಲಗೆ ಹೊರಗೆ ಚಾಚಿಕೊಂಡು ಎಷ್ಟು ಶ್ರದ್ಧೆಯಿಂದ ಇಟ್ಟಳೆಂದರೆ ನನಗೆ ನೀನು ಬೂದಿಯ ಮುಂದೆ ಕೂರಿಸಿದ್ದು ನೆನಪಾಯಿತು. ರೋವ್ ರಾಣಿ ಸುತ್ತಿಡುವ ಮುಂಚೆ ನೋಡಿಯೇ ನೋಡುತ್ತಾಳೆ, ಒಂದು ಬೇಸಿಗೆಯ ಕೆಲಸ ಕೆಟ್ಟಿತೆಂದು ಸ್ವಲ್ಪ ಹೊಟ್ಟೆ ಉರಿದುಕೊಳ್ಳಲಿ ಎಂದೂ ಅನ್ನಿಸಿತು. ಅದನ್ನೂ ಬರೆಯುತ್ತೇನೆ, ನಿನ್ನ ಹತ್ತಿರ ಮುಚ್ಚಿಡುವುದೇನು? ಪ್ರೀತಿಯೂ ಇತ್ತು, ವಿಷವೂ ಇತ್ತು. ಆದರೆ ಅವಳು ಮತ್ತೆ ಓದಿ ನೋಡಲೇ ಇಲ್ಲ. ಅದೇ ಸಂಜೆ ಸುರುಳಿಯನ್ನು ಸುತ್ತಿ ಪೆಟ್ಟಿಗೆಗಿಟ್ಟು ಮುದ್ರೆ ಒತ್ತಿಬಿಟ್ಟರು.

ರೋವ್ ರಾಣಿ ಆ ದಿನ ಹತ್ತಿರ ಬಂದು ನೋಡಿದಾಗ ದುಂಡನೆಯ ಆ ಹನಿಗಳು ಯಾರದೆಂದು ಅವಳಿಗೆ ತಿಳಿಯಿತು. ಅಕ್ಷರ ಕಲಿಸಿದವಳಿಗೆ ತಿಳಿಯದೆ ಇರುತ್ತದೆಯೇ? ನಾನು ಆ ಹೊತ್ತಿಗೆ ಅಲ್ಲಿದ್ದೆ ಎನ್ನುವುದೂ ನೆನಪಾಗಿರಬೇಕು, ಅದಕ್ಕೇ ತಲೆಯೆತ್ತಿ ನೋಡಿದ್ದು. ಎರಡು ತಿಂಗಳಿಂದ ನಾನು ನನಗೇ ಹೇಳಿಕೊಳ್ಳುತ್ತಿದ್ದೇನೆ: ಒಪ್ಪಿಕೊಂಡವಳು ಅವಳು, ನಾನು ಯಾರ ಮೇಲೂ ಬೆರಳು ತೋರಿಸಲಿಲ್ಲ. ಮಗು ನಾನು ಹೆತ್ತದ್ದು, ಕದ್ದು ತಂದದ್ದಲ್ಲ. ಏಳು ವರ್ಷದ ಮಗು ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ, ಬೇಸಿಗೆ ಬಂದು ಗಾಳಿಪಟ ಹಾರಿಸುವ ಹೊತ್ತಿಗೆ ಮರೆಯುತ್ತದೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಿದರೆ ನಾನೇ ಉತ್ತರ ಹೇಳಿಕೊಂಡುಬಿಡುತ್ತೇನೆ. ಆದರೂ ನಿನ್ನ ಬಾಯಿಂದ ಕೇಳಬೇಕು ಅನ್ನಿಸುತ್ತದೆ.

ಅದಕ್ಕೇ ಈ ಮುಖ್ಯ ವಿಷಯ. ರಾಣಿಯ ದರ್ಜೆಯವರ ವಯಸ್ಸಾದ ತಾಯಿ ವರ್ಷಕ್ಕೊಮ್ಮೆ ಒಳಗೆ ಬಂದು ಮಗಳನ್ನು ನೋಡಬಹುದು. ಹೊಸ ವರ್ಷದ ಮೊದಲ ತಿಂಗಳ ಹದಿನೈದಕ್ಕೆ, ದೀಪದ ಹಬ್ಬದ ದಿನ, ನಿನಗೆ ಅಪ್ಪಣೆ ಸಿಕ್ಕಿದೆ. ಐದು ದಿನದ ದಾರಿ, ಮುಚ್ಚಿದ ಗಾಡಿಯನ್ನೇ ಹೇಳು, ಕಾಲ ಹತ್ತಿರ ಬಿಸಿ ಇಟ್ಟಿಗೆ ಇಡಿಸಿಕೋ. ಮೊಮ್ಮಗಳಿಗೆ ಹೊಲಿಯುತ್ತೇನೆಂದಿದ್ದ ಮೊಲದ ತುಪ್ಪಳದ ಟೋಪಿ ತಾ. ಅವಳ ತಲೆ ನನ್ನ ಹಾಗೆಯೇ ದಪ್ಪ, ಅಳತೆಗೆ ಯೋಚಿಸಬೇಡ. ಹೆಪ್ಪುಗಟ್ಟಿದ ಕಡುಬು ಹತ್ತು ತಾ. ಒಳಗೆ ಬಿಡುವುದಿಲ್ಲ ಅಂದರೆ ಔಷಧಿ ಅನ್ನು. ನಿನ್ನನ್ನು ಕೊನೆಯ ಬಾರಿ ನೋಡಿದಾಗ ನನಗೆ ಹದಿನಾರು. ಗಾಡಿಯ ಪರದೆ ಎಳೆಯುವಾಗ ನೀನು, ‘ಬೆನ್ನು ನೆಟ್ಟಗಿಟ್ಕೋ, ಉಳಿದದ್ದು ತಾನಾಗೇ ಆಗುತ್ತೆ’ ಎಂದೆ. ಬೆನ್ನು ನೆಟ್ಟಗೇ ಇದೆ, ಉಳಿದದ್ದನ್ನು ನೀನೇ ಬಂದು ನೋಡಿ ಹೇಳು.

ಅಣ್ಣನಿಗೂ ಅತ್ತಿಗೆಗೂ ನನ್ನ ನೆನಪು ಹೇಳು. ಅಪ್ಪನ ಸಮಾಧಿಗೆ ಹೊಸ ವರ್ಷದ ಕಾಗದ ಸುಡುವಾಗ ನನ್ನ ಪಾಲಿನದು ನೀನೇ ಸುಡು. ನಿನ್ನ ಮೊಣಕಾಲಿಗೆ ನನ್ನ ಆಯುಷ್ಯದಲ್ಲಿ ಸ್ವಲ್ಪ ಸಿಗಲಿ.

ನಿನ್ನ ಮಗಳು,
ಚಿಬಿನ್

ಮತ್ತೆ, ಅದೇ ದಿನ ಮಧ್ಯಾಹ್ನ. ಅಮ್ಮಾ, ಹದಿನೈದಕ್ಕೆ ಬರಬೇಡ. ಗಾಡಿ ಹೇಳಬೇಡ. ಶ್ವಾಂಗ್ ಸೂಜಿ ದಾರ ಹಿಡಿದು ಎದುರಿಗೇ ಕೂತಿದ್ದಾಳೆ, ‘ಇನ್ನೂ ಬರೀತಾ ಇದ್ರೆ ನನ್ನ ಅಂಗಿ ಪುಸ್ತಕ ಆಗುತ್ತೆ’ ಅನ್ನುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಮೇಲಿನದನ್ನು ಮಡಿಸಿಟ್ಟು ಪಕ್ಕದ ಕೋಣೆಗೆ ಹೋಗಿ ಮಗು ಬರೆದದ್ದನ್ನು ನೋಡಿದೆ. ಅದು ಸೋಮಾರಿತನವಲ್ಲ. ಹಾಳೆಯ ತುಂಬ ಮುದ್ದಾದ ಅಕ್ಷರ, ಒಂದೊಂದರಲ್ಲೂ ಕೊನೆಯ ಗೀಟು ಮಾತ್ರ ಇಲ್ಲ. ಮರ, ನೀರು, ಬಾಗಿಲು, ಯಾವುದಕ್ಕೂ ಇಲ್ಲ. ಎರಡು ತಿಂಗಳ ಹಾಳೆಗಳನ್ನೆಲ್ಲ ತೆಗೆಸಿ ನೋಡಿದೆ, ಬಂದ ದಿನದಿಂದಲೂ ಹಾಗೆಯೇ. ಯಾಕೆ ಪುಟ್ಟಾ ಎಂದು ಕೇಳಿದೆ. ನನ್ನ ಮುಖ ನೋಡದೆ, ‘ಕೊನೇದು ಹಾಕಿದ್ರೆ ಒಬ್ರು ಹೊರಟೋಗ್ತಾರೆ’ ಎಂದಳು.

ನಾಳೆ ಎಂಟನೇ ದಿನ. ಹಬ್ಬದ ಗಂಜಿ ಹಂಚುವಾಗ ಎಲ್ಲರೂ ರಾಜಮಾತೆಯವರ ಮುಂದೆ ಸೇರುತ್ತೇವೆ. ಆ ಹನ್ನೊಂದು ಹನಿ ನಾನೇ ಇಟ್ಟೆ, ಹೊಟ್ಟೆಕಿಚ್ಚಿನಿಂದ ಇಟ್ಟೆ ಎಂದು ಹೇಳುತ್ತೇನೆ. ಬಂದುಹೋದವರನ್ನು ಬರೆದಿಡುವ ಬಾಗಿಲ ಪುಸ್ತಕದಲ್ಲಿ ಆ ಹೊತ್ತಿಗೆ ನನ್ನ ಹೆಸರಿದೆ. ಕಣ್ಣು ಮಂಜೆಂದು ರೋವ್ ರಾಣಿ ತಾನೇ ಹೇಳಿದ್ದಾಳೆ, ತನ್ನದೇ ಕೈಯೆಂದು ತಪ್ಪು ತಿಳಿದಳು ಎಂದರೆ ಆಯಿತು. ಎಲ್ಲರೂ ನಂಬುತ್ತಾರೆ, ಏಳು ವರ್ಷದಿಂದ ನನ್ನ ಬಗ್ಗೆ ಅವರು ಅಂದುಕೊಂಡಿರುವುದೂ ಅದನ್ನೇ. ಪೂರ್ತಿ ಸುಳ್ಳೂ ಅಲ್ಲ. ಮಗುವಿನ ಹೆಸರು ಹೇಳಿದರೆ ಮುದಿ ದಾದಿಯನ್ನೂ ಪಾಠದ ಮುದುಕನನ್ನೂ ಗಡಿಪಾರು ಮಾಡುತ್ತಾರೆ, ತಂದೆಯ ಹೆಸರಿಗೆ ಕುಂದು ತಂದವಳೆಂಬ ಮಾತು ಅವಳ ಮದುವೆಯವರೆಗೂ ಹಿಂದೆ ಬರುತ್ತದೆ. ಅದು ಬೇಡ. ನನ್ನ ಜೀವಕ್ಕೇನೂ ಆಗುವುದಿಲ್ಲ, ರಾಜನ ಮಗುವನ್ನು ಹೆತ್ತವಳು. ವಾಯುವ್ಯದ ಮನೆ ಹೇಗೂ ಖಾಲಿಯಾಗುತ್ತದೆ. ಅಣ್ಣನ ಟೋಪಿಯ ಗುಂಡಿ ಹೋಗುತ್ತದೆ, ಅವನು ನನ್ನನ್ನು ಬಯ್ಯಲಿ, ನೀನು ತಡೆಯಬೇಡ. ಮಗುವಿನ ಮೊಲದ ಟೋಪಿಯನ್ನು ಹೊಲಿದು ಕಳಿಸು, ಆದರೆ ರೋವ್ ರಾಣಿಯ ಮನೆಗೆ ಎಂದು ಬರೆಸು. ನಿನ್ನನ್ನು ನೋಡಬೇಕೆನ್ನುವ ಆಸೆ ಎದೆಯಲ್ಲಿ ಕೂತುಕೊಂಡುಬಿಟ್ಟಿದೆ, ಅದಕ್ಕೆ ಏನು ಮಾಡಲಿ ಗೊತ್ತಾಗುವುದಿಲ್ಲ.

ಈ ಪತ್ರ ಸುಟ್ಟುಬಿಡು. ಒಳಗಿರುವ ಚಿಕ್ಕ ಹಾಳೆಯನ್ನು ಮಾತ್ರ ಇಟ್ಟುಕೋ. ಈಗಷ್ಟೇ ನಾನು ಅವಳಿಂದ ಬರೆಸಿದ್ದು, ಅಮ್ಮ ಎನ್ನುವ ಅಕ್ಷರ. ಅದರೊಳಗೆ ಎರಡು ಹನಿ ಬರುತ್ತವಲ್ಲ, ಒಂದನ್ನು ಇಟ್ಟು ಇನ್ನೊಂದನ್ನು ಬಿಟ್ಟು ಕುಂಚ ಕೆಳಗಿಟ್ಟಳು. ‘ಇದನ್ನ ಇಟ್ಟು ನೋಡು ಪುಟ್ಟಾ, ಈ ಹನಿಗೆ ಯಾರೂ ಹೋಗಲ್ಲ, ನಾಳೆ ನಿಮ್ಮಮ್ಮ ಬರ್ತಾರೆ’ ಎಂದೆ. ‘ಮತ್ತೆ ನೀವು?’ ಎಂದಳು. ನಾನು ಮೊದಲಿನ ಹಾಗೆ ಒಂದನೇ ದಿನ, ಹದಿನೈದನೇ ದಿನ ಬರುವವಳು ಎಂದೆ. ಬಿಡುತ್ತಾರೋ ಇಲ್ಲವೋ ನನಗೇ ಗೊತ್ತಿಲ್ಲ. ‘ಹಾಗಾದ್ರೆ ಆ ಉದ್ದದ ಕಡ್ಡಿ ತೆಗೆದಿಡ್ತೀನಿ’ ಎಂದಳು. ಆಮೇಲೆ ನಾನು ಅವಳ ಕೈಯ ಮೇಲೆ ಕೈಯಿಟ್ಟೆ, ಇಬ್ಬರೂ ಸೇರಿ ಇಟ್ಟೆವು. ಎರಡು ಕೈ ಒಂದೇ ಕುಂಚ ಹಿಡಿದದ್ದರಿಂದ ಹನಿ ಸ್ವಲ್ಪ ಪಕ್ಕಕ್ಕೆ ಹೋಗಿದೆ. ಅಕ್ಷರ ಕುಂಟುತ್ತದೆ, ಅಮ್ಮಾ, ಆದರೆ ಪೂರ್ತಿ ಇದೆ.